ನಾನು ಸೋದರಮಾವನಾದದ್ದು

ನಮ್ಮ ಮನೆಯ ಬೀರುವಿನಲ್ಲಿ, ನನ್ನ ರೇಷ್ಮೆ ಸೀರೆಗಳ ಪಕ್ಕದಲ್ಲಿ, ಮಡಿಸಿಟ್ಟ ಒಂದು ಕೆಂಪು ಪಟಗಾ ಇದೆ. ನಮ್ಮ ಯಜಮಾನರದಲ್ಲ. ಅವರು ಹೆಲ್ಮೆಟ್ ಹಾಕಿಕೊಳ್ಳುವುದಕ್ಕೇ ನೂರು ನೆಪ ಹೇಳುವವರು. ಅಷ್ಟುದ್ದದ ಬಟ್ಟೆಯನ್ನು ತಲೆಗೆ ಸುತ್ತಿಕೊಳ್ಳಿ ಎಂದರೆ ಅವತ್ತೇ ಬಸವಕಲ್ಯಾಣ ಬಿಟ್ಟು ಓಡಿಯಾರು. ಮೊನ್ನೆ ಬಟ್ಟೆಗಳನ್ನೆಲ್ಲ ಬಿಸಿಲಿಗೆ ಹಾಕಿದಾಗ ಪಕ್ಕದ ಮನೆಯವರು ಅದನ್ನು ನೋಡಿ ಯಾರದೆಂದು ಕೇಳಿದರು. ನನ್ನದೇ ಎಂದೆ. ಅವರು ನಕ್ಕರು. ನಾನೊಂದು ಹುಡುಗಿಗೆ ಸೋದರಮಾವ, ಮದುವೆಯಲ್ಲಿ ಕೊಟ್ಟ ಮರ್ಯಾದೆ ಇದು ಎಂದು ಹೇಳಿದ ಮೇಲೆ ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತ ನಿಂತರು.

ನೀವೂ ಹಾಗೆ ನೋಡಬೇಡಿ. ನಾಲ್ಕು ಜನ ಸಿಕ್ಕಲ್ಲೆಲ್ಲ ಈ ಕತೆ ಹೇಳಿ ನಮ್ಮ ಮನೆಯವರಿಗೆ ಸಾಕುಸಾಕಾಗಿದೆ. ನನಗೆ ಮಾತ್ರ ಇನ್ನೂ ಸಾಕಾಗಿಲ್ಲ. ಹೇಳಲು ಶುರು ಮಾಡಿದರೆ ಈಗಲೂ ಕುರ್ಚಿಯ ತುದಿಗೆ ಸರಿದು ಕೂರುತ್ತೇನೆ.

ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಬುಡಕಟ್ಟು ಸಮಾಜಗಳ ಬಗ್ಗೆ ಒಂದು ಪತ್ರಿಕೆ ಇದೆ, ಅದು ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತದೆ. ಅದರಲ್ಲಿ ಬಂಧುತ್ವದ ಪಾಠ, ಬಂಧುತ್ವದ ಪಾಠದಲ್ಲಿ ಸೋದರಮಾವನ ಸ್ಥಾನಮಾನ. ಹಲಗೆಯ ಮೇಲೆ ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ ಬರೆದು, ಗೆರೆ ಎಳೆದು, ಇವನೇ ನೋಡಿ ತಾಯಿಯ ಸೋದರ, ಇವನಿಲ್ಲದೆ ಎಷ್ಟೋ ಸಮಾಜಗಳಲ್ಲಿ ಮದುವೆಯೇ ನಡೆಯುವುದಿಲ್ಲ ಎಂದು ತ್ರಿಕೋನದ ಮೇಲೆ ಸೀಮೆಸುಣ್ಣ ಕುಟ್ಟಿ ಹೇಳುತ್ತಿದ್ದೆ. ವೃತ್ತವೊಂದು ತ್ರಿಕೋನದ ಜಾಗಕ್ಕೆ ಹೋಗಿ ಕೂರಬಹುದೆಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಹೋಗಿ ಕೂತ ವೃತ್ತ ನಾನೇ.

ಇದರ ಬೇರು ನಮ್ಮ ಅಬ್ಬಾನ ಬಳೆ ವ್ಯಾಪಾರದಲ್ಲಿದೆ. ನಾವು ಮಣಿಯಾರರು. ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ಓಣಿಯೊಂದರಲ್ಲಿ ನಮ್ಮ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಸಂತೆಯ ದಿನ ಲಂಬಾಣಿ ತಾಂಡಾಗಳ ಹೆಂಗಸರು ಬಂದರೆ ಓಣಿಗೆ ಓಣಿಯೇ ಝಣಝಣ ಎನ್ನುತ್ತಿತ್ತು. ಮೊಳಕೈಯಿಂದ ಮೇಲೆಲ್ಲ ಬಳೆ, ಲಂಗದ ತುಂಬ ಕನ್ನಡಿ ಚೂರು, ಅಂಚಿಗೆ ಕವಡೆ. ಅವರು ಅಂಗಡಿಯ ಕಟ್ಟೆಯ ಮೇಲೆ ಕೂತರೆ ಬಿಸಿಲು ಆ ಕನ್ನಡಿಗಳಿಗೆ ಬಡಿದು ನಮ್ಮ ಗೋಡೆಯ ಮೇಲೆಲ್ಲ ಬೆಳಕಿನ ಚುಕ್ಕಿಗಳು ಓಡಾಡುತ್ತಿದ್ದವು. ನಾನು ಆ ಚುಕ್ಕಿಗಳನ್ನು ಅಂಗೈಯಿಂದ ಮುಚ್ಚಿ ಹಿಡಿಯುತ್ತಿದ್ದೆ. ಮುಚ್ಚಿದರೆ ಕೈಯ ಮೇಲೆ ಬರುತ್ತಿತ್ತು. ಅವರು ನಕ್ಕರೆ ಕೈಯಿಂದ ಹಾರಿ ಹೋಗುತ್ತಿತ್ತು. ಅವರ ಮಾತು ನನಗೆ ಕಲಿಸಿದವರು ಯಾರೂ ಇಲ್ಲ. ಆ ಕಟ್ಟೆಯ ಮೇಲೆ ಕೂತು, ಬಳೆ ಏರುವಾಗ ಅವರು ಅಯ್ಯಯ್ಯೋ ಎನ್ನುವುದನ್ನು ಕೇಳುತ್ತ ಬಂದದ್ದು. ಮುಂದೆ ನಾನು ಬರೆಯುವ ಎಷ್ಟೋ ಮಾತುಗಳು ಅವರ ಭಾಷೆಯಲ್ಲಿ ಆಡಿದವು. ನಮ್ಮ ಕಡೆಯ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ.

ಸಂತೆಯಿಲ್ಲದ ದಿನ ಅಬ್ಬಾ ಬಳೆಯ ಮಲಾರವನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಮೋರಖಂಡಿಯ ಕಡೆಗೊಂದು ತಾಂಡಾ. ಒಂದು ಸಲ ಹೋಳಿ ಇನ್ನೇನು ಬಂತು ಎನ್ನುವ ದಿನಗಳಲ್ಲಿ ಅಲ್ಲಿಗೆ ಹೋದಾಗ, ತಾಂಡಾದ ಹೊರಗೆ ಹುಣಸೆಮರದ ಕೆಳಗೆ ಒಬ್ಬ ಹೊಸ ಸೊಸೆ ರಸ್ತೆ ನೋಡುತ್ತ ನಿಂತಿದ್ದಳು. ಅಬ್ಬಾ ತಮ್ಮ ಕೆಲಸ ಮುಗಿಸಿಕೊಂಡು ಬಂದಾಗಲೂ ಅಲ್ಲೇ ನಿಂತಿದ್ದಳು. ಯಾರನ್ನು ಕಾಯುತ್ತಿದ್ದೀಯೆಂದು ಕೇಳಿದರು. ಮದುವೆಯಾದ ಮೊದಲ ಹೋಳಿಗೆ ತವರಿನಿಂದ ಅಣ್ಣ ಬಂದು ಕರೆದುಕೊಂಡು ಹೋಗಬೇಕು, ಅವನನ್ನು ಕಾಯುತ್ತಿದ್ದೇನೆ ಎಂದಳು. ಹೆಸರು ಸೋನಾಬಾಯಿ. ಅಪ್ಪ ಅಮ್ಮ ಇಲ್ಲ. ದೊಡ್ಡಪ್ಪ ಬೆಳೆಸಿ ಮದುವೆ ಮಾಡಿದ್ದ. ಬರಬೇಕಾದ ಅಣ್ಣ ದೊಡ್ಡಪ್ಪನ ಮಗ, ಲಾಲಸಿಂಗ. ಜೊತೆಯಲ್ಲಿ ಮದುವೆಯಾಗಿ ಬಂದ ಹುಡುಗಿಯರೆಲ್ಲ ಹೊರಟು ಹೋಗಿದ್ದರು. ಇವಳು ಗಂಟು ಕಟ್ಟಿಕೊಂಡು ದಿನವೂ ಬಂದು ನಿಲ್ಲುತ್ತಿದ್ದಳು.

ಅಬ್ಬಾ ಹೆಚ್ಚು ಮಾತಿನವರಲ್ಲ. ಸೈಕಲ್ಲು ತಿರುಗಿಸಿಕೊಂಡು ನೇರ ತಾಂಡಾದ ನಾಯಕರ ಬಳಿ ಹೋದರು. ಥಾವರು ನಾಯಕರು ಆಗಿನ್ನೂ ಮೀಸೆ ಕಪ್ಪಗಿದ್ದ ಮನುಷ್ಯ. ಈ ಹುಡುಗಿ ಮಾತಾಡುವಾಗ ನನ್ನನ್ನು ಅಣ್ಣ ಎಂದಿದ್ದಾಳೆ, ನೀವು ಒಪ್ಪಿದರೆ ಹೋಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ನಾಯಕರು ಸೋನಾಳ ಅತ್ತೆಯನ್ನು ಕೇಳಿದರು, ಗಂಡನನ್ನು ಕೇಳಿದರು, ಕೊನೆಗೆ ಸೋನಾಳನ್ನೇ ಕೇಳಿದರು. ಅವಳು ಗಂಟು ಎತ್ತಿಕೊಂಡಳಂತೆ.

ನಮ್ಮ ಮನೆಯಲ್ಲಿ ಗಲಿಬಿಲಿಯೋ ಗಲಿಬಿಲಿ. ಅಮ್ಮಿ ಅಲ್ಲಿಯವರೆಗೆ ಹೋಳಿ ಎಂದರೆ ಬಾಗಿಲು ಹಾಕಿಕೊಂಡು ಒಳಗಿರುವ ಹಬ್ಬ ಎಂದಷ್ಟೇ ತಿಳಿದವರು. ತವರಿಗೆ ಬಂದ ಮಗಳಿಗೆ ಏನು ಮಾಡಿ ಬಡಿಸಬೇಕೆಂದು ಪಕ್ಕದ ಮನೆಯ ಶರಣಮ್ಮನನ್ನು ಕೇಳಿದರು. ಆಕೆ, ಹೋಳಿಗೆ ಹೋಳಿಗಿ ಮಾಡಬೇಕ್ರಿ ಎಂದರು. ಆಗ ಅಮ್ಮಿಗೆ ಕನ್ನಡ ಅಷ್ಟಕ್ಕಷ್ಟೆ. ಶರಣಮ್ಮನಿಗೆ ಒಮ್ಮೆಲೇ ತೊದಲು ಶುರುವಾಯಿತೆಂದು ಗಾಬರಿಯಾಗಿ ನೀರು ತಂದುಕೊಟ್ಟರು. ಆ ವರ್ಷ ನಮ್ಮ ಮನೆಯಲ್ಲಿ ಹೋಳಿಗೆಯಾಯಿತು. ಅರ್ಧ ಹರಿದವು, ಅರ್ಧ ಸೀದವು, ಎಲ್ಲವೂ ಖರ್ಚಾದವು. ಸೋನಾ ಅಂಗಳದಲ್ಲಿ ನಿಂತು ತಮ್ಮ ಹೋಳಿಯ ಹಾಡು ಹೇಳಿ ಕುಣಿದಳು. ಓಣಿಯ ಹೆಂಗಸರೆಲ್ಲ ಗೋಡೆಯ ಮೇಲೆ ತಲೆಯಿಟ್ಟು ನೋಡಿದರು. ಅಬ್ಬಾ ನಾಚಿಕೊಂಡು ಅಂಗಡಿಯೊಳಗೆ ಹೋಗಿ ಜೋಡಿಸಿಟ್ಟ ಬಳೆಗಳನ್ನೇ ಮತ್ತೆ ಜೋಡಿಸಿದರು. ನನಗಂತೂ ಮನೆಗೆ ಜಾತ್ರೆಯೇ ಬಂದ ಹಾಗಾಗಿತ್ತು. ಅಂದಿನಿಂದ ಆಕೆ ನನಗೆ ಸೋನಾ ಫೂಫಿ, ಅಬ್ಬಾನ ತಂಗಿ. ಪ್ರತಿ ಹೋಳಿಗೂ ಅಬ್ಬಾ ಹೋಗಿ ಕರೆತರುತ್ತಿದ್ದರು. ಮೊಳಕಾಲು ಸೋತ ಮೇಲೆ ಜೀಪು ಹತ್ತಿ ಹೋದರು. ಅವರು ತೀರಿಕೊಂಡ ವರ್ಷ ಆಕೆ ತಾನೇ ಬಂದು ಅಮ್ಮಿಯ ಜೊತೆ ಕೂತಿದ್ದಳು. ನಾನು ಅಬ್ಬಾನ ಒಬ್ಬಳೇ ಮಗಳು.

ಸೋನಾ ಫೂಫಿಯ ಮಗಳು ರೇಣುಕಾ. ಬಸ್ ಕಂಡಕ್ಟರ್. ಬಸವಕಲ್ಯಾಣ ಹುಮನಾಬಾದಿನ ನಡುವೆ ನಾನು ದಿನಾ ಹೋಗಿಬರುವ ಬಸ್ಸಿನಲ್ಲಿ ವಾರದಲ್ಲಿ ಒಂದೆರಡು ದಿನವಾದರೂ ಅವಳೇ ಇರುತ್ತಾಳೆ. ಹೆಂಗಸರಿಗೆ ಟಿಕೇಟು ಪುಕ್ಕಟೆಯಾದ ಮೇಲೆ ಆ ಬಸ್ಸಿನಲ್ಲಿ ಗಂಡಸರು ಒಂಟಿ ಕಾಲಿನ ಮೇಲೆ ನಿಂತು ಬರುತ್ತಾರೆ. ರೇಣುಕಾ ಆ ಗದ್ದಲದಲ್ಲಿ ಮೀನಿನ ಹಾಗೆ ಹಿಂದೆ ಮುಂದೆ ಈಜುತ್ತಾಳೆ. ಜನರ ಮುಂದೆ ನನಗೆ ಮೇಡಂ ಎನ್ನುತ್ತಾಳೆ, ಸೀಟು ಸಿಕ್ಕು ಪಕ್ಕದಲ್ಲಿ ಕೂತರೆ ಅಕ್ಕ. ಹುಡುಗ ಗಟ್ಟಿಯಾದ ಸುದ್ದಿಯನ್ನು ಅವಳು ಹೇಳಿದ್ದೂ ಬಸ್ಸಿನಲ್ಲೇ. ತೆಲಂಗಾಣದ ಕಡೆ, ಜಹೀರಾಬಾದಿನ ಹತ್ತಿರದ ತಾಂಡಾದವನು, ಶಾಲೆಯ ಮೇಷ್ಟ್ರು. ಸುದ್ದಿ ಹೇಳಿ, ಒಂದು ಅನುಮಾನ ಅದ ಎಂದಳು.

“ಅಕ್ಕ, ನೀವು ಪಾಠ ಮಾಡೋ ಬುಡಕಟ್ಟಿನಾಗ ನಾವು ಅದೀವೋ ಇಲ್ಲೋ?”

ಇದು ನಮ್ಮ ಭಾಗದ ದೊಡ್ಡ ಚೋದ್ಯ. ಲಂಬಾಣಿಗರು ಇಲ್ಲಿ ಸರ್ಕಾರದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿ. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಇನ್ನೊಂದು ಕಡೆ ಮಹಾರಾಷ್ಟ್ರಕ್ಕೆ ಹೋದರೆ ಅಲ್ಲಿ ಮೂರನೆಯದೇ ಒಂದು ಹೆಸರು. ಒಂದೇ ಹಾಡು, ಒಂದೇ ಲಂಗ, ಒಂದೇ ಕುಲದ ಹೆಸರು. ಬೆಳಿಗ್ಗೆ ಮನೆ ಬಿಟ್ಟು ಮೂರೂ ಕಡೆ ನೆಂಟರನ್ನು ಮಾತಾಡಿಸಿಕೊಂಡು ಸಂಜೆಗೆ ವಾಪಸಾಗಬಹುದು. ನಾನು ಮೈದುಂಬಿ ಇದನ್ನೆಲ್ಲ ವಿವರಿಸಿದೆ. ಅವಳು ಟಿಕೇಟು ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕೇಳಿ, ಹಾಗಾದರೆ ಮದುವೆಯಾಗಿ ಚೆಕ್‌ಪೋಸ್ಟು ದಾಟಿದ ಕೂಡಲೇ ನಾನು ಬುಡಕಟ್ಟಿನವಳಾಗುತ್ತೇನೋ ಎಂದಳು. ನೀನು ದಾಟುತ್ತೀ, ನಿನ್ನ ಕಾಗದ ದಾಟುವುದಿಲ್ಲ ಎಂದೆ. ಆಗಲಿ ಬಿಡ್ರಿ, ನನಗೂ ಈ ರೂಟೇ ಬೇಕು ಎಂದು ಎದ್ದು ಸೀಟಿ ಊದಿದಳು. ಕೆಲಸ ಬಿಡುವುದಿಲ್ಲ ಎಂಬುದನ್ನು ಅವಳು ಹುಡುಗನಿಗೆ ಮೊದಲೇ ಹೇಳಿಯಾಗಿತ್ತು. ಹುಡುಗ, ಹುಮನಾಬಾದಿನಲ್ಲಿ ಮನೆ ಹಿಡಿದು ತಾನೇ ಓಡಾಡುತ್ತೇನೆ ಎಂದು ಒಪ್ಪಿದ್ದ.

ತೊಡಕು ಬಂದದ್ದು ನಿಶ್ಚಯದ ದಿನ. ನಾನೂ ಅಮ್ಮಿಯೂ ಹೋಗಿದ್ದೆವು. ತಾಂಡಾದ ನಡುವೆ ಬೇವಿನ ಮರದ ಕೆಳಗೆ ಹೊರಸುಗಳನ್ನು ಹಾಕಿ ಎರಡೂ ಕಡೆಯ ಹಿರಿಯರು ಕೂತಿದ್ದರು. ಥಾವರು ನಾಯಕರ ಮೀಸೆ ಈಗ ಹತ್ತಿಯಷ್ಟು ಬೆಳ್ಳಗೆ. ಕುಲದ ಲೆಕ್ಕವಾಯಿತು, ಒಂದೇ ಕುಲವಲ್ಲ, ಸರಿ. ದಿನ ಗೊತ್ತಾಯಿತು. ಆಗ ಹುಡುಗನ ಅಜ್ಜಿ, ಹಳೆಯ ಪದ್ಧತಿಯಂತೆ ಮೈತುಂಬ ಕನ್ನಡಿ ಹೊತ್ತ ಗಟ್ಟಿ ಮುದುಕಿ, ಹುಡುಗಿಯ ಮಾಮಾ ಯಾರು ಎಂದು ಕೇಳಿದಳು. ನಮ್ಮ ಕಡೆ ಅಕ್ಷತೆ ಬೀಳುವಾಗ ಹೆಣ್ಣಿನ ಹಿಂದೆ ಸೋದರಮಾವ ನಿಂಬೆಹಣ್ಣು ಚುಚ್ಚಿದ ಕತ್ತಿ ಹಿಡಿದು ನಿಲ್ಲಬೇಕು. ಗಡಿಯ ಎರಡೂ ಕಡೆ ಯಾರ ಮನೆಯ ಮದುವೆಯಾದರೂ ಇದು ಇದ್ದದ್ದೇ.

ಸೋನಾ ಫೂಫಿ ಬಸವಕಲ್ಯಾಣದ ಅಣ್ಣನ, ಎಂದರೆ ನಮ್ಮ ಅಬ್ಬಾನ, ಹೆಸರು ಹೇಳಿದಳು. ಅವರು ತೀರಿಕೊಂಡಿದ್ದಾರಲ್ಲ ಎಂದು ಯಾರೋ ಹೇಳಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ನರೆಗೂದಲಿನ ಒಬ್ಬ ಮನುಷ್ಯ ಎದ್ದು ನಿಂತು, ಮಾಮಾ ನಾನಿದ್ದೇನೆ ಎಂದ. ಲಾಲಸಿಂಗ. ಹುಡುಗನ ತಾಂಡಾದ ಪಕ್ಕದಲ್ಲೇ ಈಗ ಅವನ ಮನೆಯಂತೆ. ಮದುವೆಯ ಸುದ್ದಿ ತಿಳಿದು ಅವರ ಜೊತೆಗೇ ಬಂದುಬಿಟ್ಟಿದ್ದ. ಸೋನಾ ಫೂಫಿ ಅವನನ್ನು ಮದುವೆಯಾಗಿ ಬಂದ ಮೇಲೆ ನೋಡಿದ್ದು ಅದೇ ಮೊದಲು. ಆಕೆಯ ಕೈಯಲ್ಲಿದ್ದ ಅಡಿಕೆ ತಟ್ಟೆ ವಾಲಿತು. ಗುರುತು ಹತ್ತಿದ ಮೇಲೆ ಮುಖ ತಿರುಗಿಸಿಕೊಂಡಳು.

ಲಾಲಸಿಂಗ ನಿಂತಲ್ಲೇ ತನ್ನ ಕತೆ ಹೇಳಿದ. ಆ ಹೋಳಿಯ ಹೊತ್ತಿಗೆ ಅಪ್ಪ ಮನೆಮಂದಿಯನ್ನೆಲ್ಲ ಗಾಡಿ ಕಟ್ಟಿಸಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಕರೆದೊಯ್ದ. ತಂಗಿಯನ್ನು ಕರೆತರಬೇಕು ಎಂದದ್ದಕ್ಕೆ ಮುಂದಿನ ವರ್ಷ ನೋಡೋಣ ಎಂದ. ಮುಂದಿನ ವರ್ಷವೂ ಅದೇ ಆಯಿತು. ಆಮೇಲೆ ಮನೆಯ ಹೊಣೆ ತನ್ನ ಕೈಗೇ ಬಂತು, ಬರಬಹುದಿತ್ತು, ಆದರೆ ಯಾವ ಮುಖ ಹೊತ್ತು ಬರುವುದೆಂದು ತಿಳಿಯಲಿಲ್ಲ. ಒಂದೆರಡು ಸಲ ಹುಮನಾಬಾದಿನವರೆಗೆ ಬಂದು ತಿರುಗಿ ಹೋಗಿದ್ದನಂತೆ. ಅವನ ದನಿಯಲ್ಲಿ ಜಗಳವಿರಲಿಲ್ಲ. ಆದರೂ ರಕ್ತ ನಂದಲ್ಲೇನು ಎಂದ. ಅದನ್ನು ಅಲ್ಲಿ ಕೂತ ಯಾರೂ ಅಲ್ಲವೆನ್ನುವಂತಿರಲಿಲ್ಲ. ಹುಡುಗನ ಕಡೆಯವರು ತಲೆಯಾಡಿಸಿದರು. ಒಡಹುಟ್ಟಿದವನಂಥವನೇ ಬಂದು ನಿಂತಿರುವಾಗ ಇನ್ನೊಬ್ಬರ ಮಾತೇಕೆ?

ನಾಯಕರು ಸೋನಾಳನ್ನು ಕೇಳಿದರು. ಹಿರಿಯರ ಎದುರು ದನಿ ಎತ್ತಿದವಳಲ್ಲ ಆಕೆ. ತಟ್ಟೆಯನ್ನು ಕೆಳಗಿಟ್ಟು ಎದ್ದಳು.

“ಹೋಳಿಗೆ ಕರಿಯಾಕ ಯಾರ್ ಬಂದ್ರೋ ಅದೇ ನನ್ನ ತವರುಮನಿ. ಅಣ್ಣ ಹೋದ್ರ ಮನಿ ಹೋಗಿಲ್ಲಲ್ರಿ. ಮನಿ ಇಲ್ಲೇ ಕುಂತದ ನೋಡ್ರಿ” ಎಂದು ನನ್ನತ್ತ ಕೈ ಮಾಡಿದಳು.

ಎಲ್ಲರೂ ನನ್ನತ್ತ ತಿರುಗಿದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಬೇವಿನ ಮರವಿತ್ತು.

ಆಗ ನನ್ನ ತಲೆಯಲ್ಲಿ ನಡೆದದ್ದನ್ನು ಹೇಳಿದರೆ ನಗುತ್ತೀರಿ. ಒಳಗಿನ ಮೇಷ್ಟ್ರಮ್ಮ ಸುಮ್ಮನಿರಲಿಲ್ಲ. ಸೋದರಮಾವ ಎಂಬುದು ಒಬ್ಬ ವ್ಯಕ್ತಿಯಲ್ಲ, ಒಂದು ಸ್ಥಾನ ಎಂದು ಅದೇ ತಿಂಗಳು ತರಗತಿಯಲ್ಲಿ ಹೇಳಿದ್ದೆ. ಹುಡುಗರು ಆಕಳಿಸಿದ್ದರು. ಈಗ ಅದೇ ಮಾತು ಕವಡೆ ಕಟ್ಟಿಕೊಂಡು ನನ್ನೆದುರು ನಿಂತಿತ್ತು. ಅಲ್ಲೇ ಎದ್ದು ಚಪ್ಪಾಳೆ ಹೊಡೆಯಬೇಕೆನ್ನಿಸಿತು. ಅಮ್ಮಿ ಪಕ್ಕದಿಂದ ನನ್ನ ತೊಡೆ ಜಿಗುಟಿ, ಬಾಯಿ ಮುಚ್ಚು ಎಂದರು. ತೆರೆದದ್ದೇ ನನಗೆ ಗೊತ್ತಿರಲಿಲ್ಲ.

ಹೆಣ್ಣಲ್ಲವೇ ಇದು ಎಂದು ಹುಡುಗನ ಕಡೆಯ ಹಿರಿಯನೊಬ್ಬ ತೆಗೆದ. ಮುಸಲ್ಮಾನರಲ್ಲವೇ ಎಂದು ಯಾರೂ ತೆಗೆಯಲಿಲ್ಲ. ಅದು ಅಬ್ಬಾನ ಕಾಲಕ್ಕೇ ಮುಗಿದ ಮಾತು. ನಾಯಕರು ಕೊನೆಗೆ, ಹುಡುಗಿಯನ್ನು ಕರೆದುಕೊಂಡು ಹೋಗುವವರು ನೀವು, ನೀವೇ ಕೇಳಿ ನೋಡಿ ಎಂದು ಅಜ್ಜಿಯ ಮೇಲೆ ಬಿಟ್ಟರು. ಅಜ್ಜಿ ಎದ್ದು ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಅವಳ ಕನ್ನಡಿಗಳಲ್ಲೆಲ್ಲ ನನ್ನ ಮುಖದ ಚೂರುಗಳು ಕಾಣುತ್ತಿದ್ದವು, ಒಂದೊಂದೂ ಹೆದರಿದ್ದವು.

“ಮಾಮಾ ಯಾತಕ್ಕ ಬೇಕು, ಗೊತ್ತದೇನು ನಿನಗ?”

ಪಾಠದಲ್ಲಿರುವ ಉತ್ತರಗಳೆಲ್ಲ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಹೇಳಲಿಲ್ಲ. ನೀವೇ ಹೇಳಿ ಎಂದೆ.

“ನಮ್ಮ ಮನ್ಯಾಗ ಈ ಹುಡುಗಿ ಒಂದಿನ ಅತ್ತಳಂದ್ರ ಬಂದು ಕೇಳಾಕ ಒಬ್ಬರು ಬೇಕು. ನನ್ನ ಮೊಮ್ಮಗ ಕೈ ಎತ್ತಿದ್ರ ಅವನ ಕೈ ಹಿಡಿಯಾಕ ಒಬ್ಬರು ಬೇಕು. ನೀ ಬರ್ತೀಯೇನು?”

“ಬರ್ತೀನಿ.”

“ಬಸ್ ಇಲ್ಲದ ಹೊತ್ತಿನಾಗ?”

“ಸ್ಕೂಟಿ ಮ್ಯಾಲ ಬರ್ತೀನಿ.”

ಅಜ್ಜಿ ಮೊಳಕಾಲಿನ ಮೇಲೆ ಕೈಯೂರಿ ಎದ್ದಳು. “ಹಂಗಾದ್ರ ಮಾಮಾನೇ ಅದಾಳ. ಅಡಿಕಿ ಹಂಚ್ರಿ” ಎಂದಳು.

ಅಡಿಕೆ ಹಂಚಿದರು. ಹಲಗೆ ವಾದ್ಯದ ಬಡಿತ ಶುರುವಾಯಿತು, ಹೆಂಗಸರು ಕುಣಿಯಲು ಎದ್ದರು. ನಾನು ಗೆದ್ದವಳ ಹಾಗೆ ಬೀಗುತ್ತ ಸುತ್ತ ನೋಡಿದೆ. ಲಾಲಸಿಂಗ ತನ್ನ ಚೀಲ ಹೆಗಲಿಗೇರಿಸಿಕೊಂಡು ಹುಣಸೆಮರದ ಕಡೆಗೆ ನಡೆದು ಹೋಗುತ್ತಿದ್ದ. ಸೋನಾ ಫೂಫಿ ಅವನ ಬೆನ್ನನ್ನೇ ನೋಡುತ್ತಿದ್ದಳು. ಕರೆಯಲಿಲ್ಲ.

ಮದುವೆಯವರೆಗೂ ನಮ್ಮ ಮನೆಯಲ್ಲಿ ಅಮ್ಮಿಯದೇ ಆಡಳಿತ. ನಿನ್ನ ಅಪ್ಪನ ಹೆಸರು ಕೆಡಬಾರದು ಎಂದು ಮಾಮಾ ಒಯ್ಯಬೇಕಾದ ಸೀರೆ, ಕುಬಸ, ಬೆಲ್ಲ, ಕೊಬ್ಬರಿ ಎಲ್ಲವನ್ನೂ ಶರಣಮ್ಮನ ಸೊಸೆಯನ್ನು ಕೇಳಿ ಕೇಳಿ ಜೋಡಿಸಿದರು. ಹಸಿರು ಬಳೆ ಮಾತ್ರ ನಾನೇ ಆರಿಸಿದೆ. ಮದುವೆಯ ಮುಂಜಾನೆ ರೇಣುಕಾಳ ಕೈಗೆ ಬಳೆ ಇಟ್ಟವಳೂ ನಾನೇ. ಹೆಬ್ಬೆರಳಿನ ಬುಡದ ಎಲುಬನ್ನು ಒಳಗೊತ್ತಿ ಅಂಗೈಯನ್ನು ದೋಣಿಯ ಹಾಗೆ ಮಡಚಬೇಕು, ಅಬ್ಬಾ ಕಲಿಸಿದ್ದರು. ಆದರೆ ಬಸ್ಸಿನ ಕಂಬಿ ಹಿಡಿದು ಹಿಡಿದು ಅವಳ ಕೈ ಕಬ್ಬಿಣವಾಗಿತ್ತು. ಅವಳು ಹಲ್ಲು ಕಚ್ಚಿದಳು, ನಾನೂ ಕಚ್ಚಿದೆ. ಒಂದೂ ಒಡೆಯಲಿಲ್ಲ. ಓದಿದ ಮೇಲೆ ಇಷ್ಟು ಹೆಮ್ಮೆಯ ಕೆಲಸ ನಾನು ಯಾವುದೂ ಮಾಡಿಲ್ಲ.

ಆಮೇಲೆ ಥಾವರು ನಾಯಕರು ಆ ಕೆಂಪು ಪಟಗಾ ತಂದರು. ತಲೆಯ ಮೇಲಿನ ಸೆರಗನ್ನು ತೆಗೆಯಲೋ ಬೇಡವೋ ಎಂದು ನಾನು ನೋಡುತ್ತಿರುವಾಗಲೇ ಸೆರಗಿನ ಮೇಲಿಂದಲೇ ಸುತ್ತಿಬಿಟ್ಟರು. ಹೊರಗೆ ಬಂದೆನೋ ಇಲ್ಲವೋ, ಹುಡುಗನ ಕಡೆಯ ಹೆಂಗಸರು ಕಾದು ಕೂತಿದ್ದರು. ಹೆಣ್ಣಿನ ಮಾಮಾನನ್ನು ಹಾಡಿನಲ್ಲಿ ಬೈಯುವುದು ಅವರ ಹಕ್ಕು. ಮಾಮಾ ಬಂದ ಮೀಸೆ ಮರೆತು ಬಂದ, ಮಾಮಾನ ಸೈಕಲ್ಲು ಎಲ್ಲಿ, ಮಾಮಾನ ಹೆಂಡತಿಗೆ ಗಡ್ಡ ಏಕೆ ಎಂದು ನಮ್ಮ ಯಜಮಾನರನ್ನೂ ಎಳೆದು ತಂದರು. ಅವರು ಪೆಂಡಾಲಿನ ಕಂಬದ ಹಿಂದೆ ಸರಿದು ನಿಂತರು. ಇದಕ್ಕೆ ಪರಿಹಾಸ ಸಂಬಂಧ ಎಂದು ಹೆಸರು. ಪರೀಕ್ಷೆಯಲ್ಲಿ ಟಿಪ್ಪಣಿ ಬರೆಯಿರಿ ಎಂದು ಕೇಳುತ್ತೇವೆ. ನನ್ನ ವಿದ್ಯಾರ್ಥಿಗಳು ಅದನ್ನು ಒಂದು ಪುಟ ಬರೆಯುತ್ತಾರೆ. ಒಬ್ಬರಾದರೂ ಕಿವಿ ಬಿಸಿಯಾಗುತ್ತದೆ, ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ, ಇನ್ನೂ ಬೈಯಲಿ ಎನ್ನಿಸುತ್ತದೆ ಎಂದು ಬರೆದಿಲ್ಲ. ಬರೆದರೆ ಪೂರ್ತಿ ಅಂಕ ಕೊಡುತ್ತೇನೆ.

ಕತ್ತಿ ಹಿಡಿದು ಹೆಣ್ಣಿನ ಹಿಂದೆ ನಿಲ್ಲಲು ಹೊರಟಾಗ ಹುಣಸೆಮರದ ಕೆಳಗೆ, ನೆಂಟರ ಗಾಡಿಗಳ ಆಚೆ, ಲಾಲಸಿಂಗ ಕಾಣಿಸಿದ. ಶುಭ್ರ ಬಿಳಿ ಅಂಗಿ. ಕೈಯಲ್ಲಿ ಒಂದು ಪೊಟ್ಟಣ. ಕರೆಯದೆ ಬಂದಿದ್ದ, ಒಳಗೆ ಬಾರದೆ ನಿಂತಿದ್ದ. ಮುಂಜಾನೆಯಿಂದ ಹಾರುತ್ತಿದ್ದ ನನ್ನ ಮನಸ್ಸು ಅಲ್ಲೇ ಸ್ವಲ್ಪ ನಿಂತಿತು. ಬಾರದವರನ್ನು ಕಾದು ಅದೇ ಮರದ ಕೆಳಗೆ ನಿಂತವಳ ಕತೆ ಕೇಳಿ ಬೆಳೆದವಳು ನಾನು. ಈಗ ಬಂದವನೊಬ್ಬ ಅಲ್ಲೇ ನಿಂತಿದ್ದರೆ ಅಬ್ಬಾ ಏನು ಮಾಡುತ್ತಿದ್ದರು? ಮುಹೂರ್ತಕ್ಕೆ ಹೊತ್ತಾಯಿತೆಂದು ಯಾರೋ ಕೂಗಿದರು. ಕೂಗಲಿ, ಮಾಮಾ ಇಲ್ಲದೆ ಅಕ್ಷತೆ ಹೇಗೆ ಬೀಳುತ್ತದೆ? ನಾನು ಪಟಗಾ ಕಟ್ಟಿಕೊಂಡೇ, ಕತ್ತಿ ಹಿಡಿದುಕೊಂಡೇ ಅವನ ಕಡೆ ನಡೆದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಕತ್ತಿ ನೋಡಿದರೆ ಯಾರೂ ಸರಿಯಬೇಕಾದ್ದೇ.

ಒಬ್ಬಳೇ ನಿಲ್ಲಲು ನನಗೆ ಹೆದರಿಕೆ, ಜೊತೆಗೆ ಬನ್ನಿ ಎಂದೆ. ಅವನು ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

“ಸೋನಾ ಏನಂತಾಳೋ.”

“ಸೋನಾ ಫೂಫಿಗೆ ನಾ ಹೇಳ್ತೀನಿ. ಇವತ್ತ ಮಾಮಾ ಹೇಳಿದ್ದು ಎಲ್ಲಾರೂ ಕೇಳಬೇಕು. ನಡೀರಿ.”

ರೇಣುಕಾಳ ಹಿಂದೆ ಇಬ್ಬರೂ ನಿಂತೆವು. ಕತ್ತಿಯ ಹಿಡಿಕೆಯ ಮೇಲೆ ನನ್ನ ಕೈ, ಅದರ ಮೇಲೆ ಅವನ ಕೈ. ಇಬ್ಬರೂ ಒಂದೊಂದು ಕಡೆ ಎಳೆದು, ತುದಿಯ ನಿಂಬೆಹಣ್ಣು ಬೀಳುವ ಹಾಗೆ ಅಲ್ಲಾಡಿತು. ಸೋನಾ ಫೂಫಿ ಎದುರಿಗೇ ಇದ್ದಳು. ನಮ್ಮಿಬ್ಬರನ್ನೂ ನೋಡಿದಳು, ತಲೆ ತಗ್ಗಿಸಿ ಅಕ್ಷತೆಯ ಕಾಳುಗಳನ್ನು ಬೆರಳಿನಿಂದ ಕೆದಕುತ್ತ ನಿಂತಳು. ಬೇಡವೆನ್ನಲಿಲ್ಲ. ಅಕ್ಷತೆ ಬಿತ್ತು. ಅವರ ಪದ್ಧತಿಯಂತೆ, ನೆಟ್ಟ ಒನಕೆಗಳ ಸುತ್ತ ಜೋಡಿ ಸುತ್ತು ಹಾಕಿತು. ಊಟವಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹುಡುಗನ ಕಡೆಯವರ ಟೆಂಪೋ ತಾಂಡಾದೊಳಗೆ ಬೇವಿನ ಮರದ ಹತ್ತಿರ ಬಂದು ನಿಂತಿತು. ಹೆಣ್ಣು ಹೊರಡುವ ಮುಂಚೆ ಒಬ್ಬೊಬ್ಬರ ಕೊರಳಿಗೂ ಬಿದ್ದು ಹಾಡುತ್ತ ಅಳುತ್ತಾಳೆ. ಅದಕ್ಕೆ ಢಾವಲೋ ಎನ್ನುತ್ತಾರೆ. ಕಟ್ಟಿಟ್ಟ ಹಾಡಲ್ಲ, ಯಾರ ಕೊರಳು ಸಿಕ್ಕಿತೋ ಅವರ ಹೆಸರು ಸೇರಿಸಿ ಅಲ್ಲಲ್ಲೇ ಹುಟ್ಟಿಸಿ ಹಾಡಬೇಕು. ಇದು ಒಂಟಿ ಮನುಷ್ಯರ ದುಃಖವಲ್ಲ, ಬಂಧುತ್ವದ ಸಾರ್ವಜನಿಕ ಘೋಷಣೆ ಎಂದು ನಾನು ಪಾಠದಲ್ಲಿ ಹೇಳುತ್ತೇನೆ. ತಪ್ಪೇನಲ್ಲ. ಆದರೆ ಘೋಷಣೆ ಬಂದು ಕೊರಳಿಗೆ ಬಿದ್ದಾಗ ಅದಕ್ಕೆ ಹಸಿ ಅರಿಸಿನದ ವಾಸನೆಯಿತ್ತು, ಬೆವರಿತ್ತು, ಹೊಸ ಬಳೆಗಳು ನನ್ನ ಬೆನ್ನಿಗೆ ಒತ್ತುತ್ತಿದ್ದವು. ಮಾಮಾ, ನಿನ್ನ ಮನೆಯ ಹೋಳಿಗೆ ಯಾರು ಬಂದು ಕುಣಿಯುತ್ತಾರೆ, ಮಾಮಾ, ಬಳೆ ಅಂಗಡಿಯ ಕಟ್ಟೆಯ ಮೇಲೆ ಯಾರು ಕೂರುತ್ತಾರೆ ಎಂದು ಹಾಡಿದಳು. ನಾಳೆಯಲ್ಲದಿದ್ದರೂ ನಾಡಿದ್ದು ಬಸ್ಸಿನಲ್ಲಿ ಸಿಗುವ ಹುಡುಗಿ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಹೋ ಎಂದು ಅತ್ತೆವು. ಕೊರಳು ಕೊಟ್ಟವರು ಹಾಡಿನಲ್ಲೇ ಉತ್ತರ ಹೇಳಬೇಕು. ನನಗೆ ಅಷ್ಟು ಬರುವುದಿಲ್ಲ. ಹೋಗಿ ಬಾರೇ ಎಂದಷ್ಟೇ ರಾಗ ಎಳೆದೆ. ಅದೂ ಒಡೆಯಿತು.

ನನ್ನನ್ನು ಬಿಟ್ಟವಳು ಲಾಲಸಿಂಗನ ಕೊರಳಿಗೆ ಬಿದ್ದಳು. ಅದನ್ನು ಯಾರೂ ಎಣಿಸಿರಲಿಲ್ಲ, ಅವನೂ ಎಣಿಸಿರಲಿಲ್ಲ. ಪೊಟ್ಟಣ ಕೆಳಗೆ ಬಿತ್ತು. ಮಾಮಾ, ದಾರಿ ಉದ್ದವಾಯಿತೇ, ಮಾಮಾ, ನಮ್ಮವ್ವ ನಿನ್ನ ದಾರಿ ನೋಡಿ ನೋಡಿ ನನ್ನನ್ನು ಹೆತ್ತಳು ಎಂದು ಅವಳು ಹಾಡಿದಳು.

ಸೋನಾ ಫೂಫಿ ಅಲ್ಲಿಯವರೆಗೆ ಟೆಂಪೋದ ಬಾಗಿಲ ಹತ್ತಿರ ಪಾತ್ರೆ ಪಡಗ ಏರಿಸುತ್ತಿದ್ದಳು. ಹಾಡು ಕಿವಿಗೆ ಬಿದ್ದದ್ದೇ ಕೈಯಲ್ಲಿದ್ದ ಕೊಡವನ್ನು ಯಾರ ಕೈಗೋ ತುರುಕಿ ಜನರನ್ನು ಸರಿಸಿಕೊಂಡು ಬಂದಳು. ಬಂದು ಅಣ್ಣನ ಎದುರು ನಿಂತು, ಅವನ ನರೆತ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಕೊರಳಿಗೆ ಬಿದ್ದು ಶುರು ಮಾಡಿದಳು. ಮೊದಲ ಹೋಳಿಯಿಂದ ಶುರು ಮಾಡಿದಳು. ಯಾರು ಯಾರು ಹೊರಟು ಹೋದರು, ಯಾವ ಸೀರೆ ಗಂಟಿನಲ್ಲಿತ್ತು, ದೂರದಲ್ಲಿ ಕಂಡ ಸೈಕಲ್ಲನ್ನು ಅಣ್ಣನದೆಂದುಕೊಂಡು ಹೇಗೆ ಓಡಿದೆ, ಬಂದವನು ಹೇಗೆ ಬಳೆಗಾರನಾಗಿದ್ದ, ಆ ಬಳೆಗಾರ ಹೇಗೆ ಅಣ್ಣನಾದ. ಎಲ್ಲವೂ ಬಂತು. ಎರಡನೆಯ ಹೋಳಿ ಬಂತು. ಲಾಲಸಿಂಗ ಗಂಡಸು, ಹಾಡುವಂತಿಲ್ಲ. ತಂಗಿಯ ಹೆಗಲಿಗೆ ಹಣೆ ಹಚ್ಚಿ ಬಿಕ್ಕುತ್ತ, ಹೂಂ ಹೂಂ ಎಂದು ಒಂದೊಂದಕ್ಕೂ ತಲೆಯಾಡಿಸಿದ. ಸುತ್ತಲಿನ ಹೆಂಗಸರು ಒಬ್ಬೊಬ್ಬರಾಗಿ ದನಿ ಸೇರಿಸಿದರು. ಅಮ್ಮಿಯೂ ಸೇರಿಸಿದರು, ಯಾವ ಭಾಷೆಯಲ್ಲೋ ದೇವರಿಗೇ ಗೊತ್ತು.

ಟೆಂಪೋದವನು ಗಡಿಬಿಡಿಯಲ್ಲಿದ್ದ. ಇಂಜಿನ್ನು ಗುರುಗುಟ್ಟಿಸುತ್ತ ಹಾರನ್ನು ಒತ್ತಿದ. ಮದುಮಗನೂ ಒಳಗೆ ಹತ್ತಿ ಕೂತಾಗಿತ್ತು. ಹುಡುಗನ ಅಜ್ಜಿ ಮುಂದಿನ ಸೀಟಿನಿಂದ ಕತ್ತು ಹೊರಗೆ ಹಾಕಿ, ಹಾಡು ಯಾವ ಹೋಳಿಗೆ ಬಂದಿದೆಯೆಂದು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. ಆಮೇಲೆ ಮೆಲ್ಲಗೆ ಕೆಳಗಿಳಿದು, ಬೇವಿನ ಕೆಳಗಿನ ಹೊರಸಿನ ಮೇಲೆ ಕಾಲು ಚಾಚಿ ಕೂತು, ಸಂಚಿ ಬಿಚ್ಚಿದಳು.

“ಗಾಡಿ ಬಂದ್ ಮಾಡೋ ತಮ್ಮಾ. ಭಾಳ ಹೋಳಿ ಅವ, ಎಲ್ಲಾ ಮುಗೀಲಿ” ಎಂದಳು.